ಹನ್ನೊಂದು ಬಿಳಿ ಬಲ್ಲ ಪುಟ್ಟಲಕ್ಷ್ಮಿ

ನಲವತ್ತೇಳನೆಯ ವಯಸ್ಸಿನಲ್ಲಿ, ಒಂದು ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ, ಪುಟ್ಟಲಕ್ಷ್ಮಿಗೆ ರಾಣಿ ಪಿಂಕ್ ಸೀರೆ ಸಿಕ್ಕಿತು. ಕೊಟ್ಟವರು ಗಂಡನಲ್ಲ, ತವರಿನವರಲ್ಲ, ಅವಳು ಕೆಲಸ ಮಾಡುವ ಅಂಗಡಿಯವರು. ಪ್ಲಾಸ್ಟಿಕ್ ಕವರಿನೊಳಗಿಂದಲೇ ಅದು ಕಣ್ಣು ಕುಕ್ಕುತ್ತಿತ್ತು. ಅವಳು ಕವರನ್ನು ಎದೆಗೆ ಅವಚಿಕೊಂಡು, "ಇದು ನಂಗಾ ಮೇಡಮ್?" ಎಂದು ಎರಡು ಸಲ ಕೇಳಿದಳು.

"ಎಲ್ರಿಗೂ ಪುಟ್ಟಕ್ಕ. ನಾಡಿದ್ದಿಂದ ಇದೇ ಯೂನಿಫಾರ್ಮ್," ಎಂದಳು ಶಿವರಂಜನಿ.

ಶಿವರಂಜನಿ ಅಂಗಡಿ ಮಾಲೀಕರಾದ ರೇವಣಸಿದ್ದಪ್ಪನವರ ಸೊಸೆ. ಮಾವನಿಗೆ ಮಂಡಿನೋವು ಜಾಸ್ತಿಯಾಗಿ ಗಲ್ಲಾದ ಮುಂದೆ ಕೂರಲಾಗದೆ ಹೋದಾಗ ಅಂಗಡಿ ವಹಿಸಿಕೊಂಡವಳು. ಮೂವತ್ತೊಂದರ ಹುಮ್ಮಸ್ಸು. ಬಂದ ಮೂರೇ ತಿಂಗಳಲ್ಲಿ ಬಾಗಿಲಿಗೆ ಗಾಜು, ಸೂರಿಗೆ ಹೊಸ ದೀಪ, ಗೋಡೆಗೆ ಹೊಸ ಬಣ್ಣ ಆಗಿತ್ತು. ಉಳಿದವರು ಕೆಲಸದವರು ಮಾತ್ರ, ಅವರಿಗೂ ಬಣ್ಣ ಹೊಡೆಸಿದಳು ಎನ್ನಿ.

ವಿಜಯನಗರದ ಆ ಅಂಗಡಿ ಒಂದು ಮ್ಯಾಚಿಂಗ್ ಸೆಂಟರ್. ಹೆಂಗಸರು ಸೀರೆ ಹಿಡಿದುಕೊಂಡು ಬರುತ್ತಾರೆ, ಅದಕ್ಕೆ ಸರಿಹೊಂದುವ ರವಿಕೆ ಬಟ್ಟೆ ಕೇಳುತ್ತಾರೆ. ಮೂರು ಗೋಡೆಗೂ ನೆಲದಿಂದ ಸೂರಿನವರೆಗೆ ಕಪಾಟು, ಕಪಾಟಿನ ತುಂಬ ಬಟ್ಟೆ, ಎಲ್ಲ ಸೇರಿ ಒಂಬೈನೂರು ಬಣ್ಣ. ಇದರಲ್ಲೇನು ಮಹಾ ವಿದ್ಯೆ, ಕೆಂಪಿಗೆ ಕೆಂಪು, ಹಸಿರಿಗೆ ಹಸಿರು ಎತ್ತಿಕೊಟ್ಟರಾಯಿತು ಎನ್ನುವವರು ಒಮ್ಮೆ ತಮ್ಮ ಹೆಂಡತಿಗೆ ತಾವೇ ರವಿಕೆ ಬಟ್ಟೆ ತಂದು ನೋಡಲಿ. ಅಂಥ ಗಂಡಸರಲ್ಲಿ ಕೆಲವರು ಅದೇ ಸಂಜೆ ಮುಖ ಸಣ್ಣಗೆ ಮಾಡಿಕೊಂಡು ಅಂಗಡಿಗೆ ವಾಪಸ್ ಬಂದದ್ದನ್ನು ಪುಟ್ಟಲಕ್ಷ್ಮಿ ಕಣ್ಣಾರೆ ನೋಡಿದ್ದಾಳೆ.

ಅವಳಿಗೆ ಈ ಕೆಲಸ ಕಲಿಸಿದವಳು ಇಂದ್ರಮ್ಮ, ಆ ಕಾಲಕ್ಕೆ ಅಂಗಡಿಯ ಹಿರಿಯ ಕೆಲಸದಾಕೆ. ಕಲಿಸಿದಳು ಎನ್ನುವುದಕ್ಕಿಂತ ಸತಾಯಿಸಿದಳು ಎಂದರೇ ಸರಿ. ಮೊದಲ ಆರು ತಿಂಗಳು ಗಿರಾಕಿಗಳ ಹತ್ತಿರಕ್ಕೆ ಬಿಡಲಿಲ್ಲ. ಸಂಜೆಯ ಹೊತ್ತಿಗೆ ಕೌಂಟರ್ ಮೇಲೆ ಬಿಚ್ಚಿ ಹರಡಿದ ಮುನ್ನೂರು ತುಂಡು ರಾಶಿ ಬಿದ್ದಿರುತ್ತಿತ್ತು. ಅದನ್ನೆಲ್ಲ ಮಡಿಸಬೇಕು, ಒಂದೊಂದನ್ನೂ ಅದರದರ ಜಾಗಕ್ಕೆ ಸೇರಿಸಬೇಕು. "ಇದ್ರ ಹೆಸರೇನು ಇಂದ್ರಮ್ಮ?" ಎಂದು ಕೇಳಿದರೆ, "ಹೆಸರು ಆಮೇಲೆ ಕಣೇ. ಮೊದ್ಲು ನೋಡು, ಜಾಗಕ್ಕಿಡು," ಎನ್ನುವುದು. ತಪ್ಪಾದರೆ ಯಾವುದು ತಪ್ಪು ಎಂದು ಹೇಳುತ್ತಿರಲಿಲ್ಲ. ಆ ಸಾಲನ್ನೇ ಎಳೆದು ನೆಲಕ್ಕೆ ಹಾಕಿ, "ಮತ್ತೆ ಇಡು," ಎಂದು ಕಾಫಿ ಕುಡಿಯಲು ಹೋಗುತ್ತಿದ್ದಳು.

ಮೊದಲ ವಾರ ಪುಟ್ಟಲಕ್ಷ್ಮಿಗೆ ಬಿಳಿ ಎಂದರೆ ಬಿಳಿ, ಅಷ್ಟೆ. ಬಿಳಿಯ ಕಪಾಟಿನ ಮುಂದೆ ನಿಂತು ಎಷ್ಟು ಸಲ ಅತ್ತಳೋ. ಮೂರನೆಯ ತಿಂಗಳಲ್ಲಿ ಒಂದು ಸಂಜೆ, ಎರಡು ಬಿಳಿ ತುಂಡುಗಳನ್ನು ಒಟ್ಟಿಗೆ ಮಡಿಸುತ್ತಿರುವಾಗ, ಒಂದರೊಳಗೆ ಒಂದು ಹನಿ ಹಳದಿಯೂ ಇನ್ನೊಂದರೊಳಗೆ ಒಂದು ಹನಿ ನೀಲಿಯೂ ಇದ್ದಕ್ಕಿದ್ದಂತೆ ಕಂಡುಬಿಟ್ಟವು. ಅಯ್ಯೋ, ಇವು ಬೇರೆ ಬೇರೆ! ಇಷ್ಟು ದಿನ ಎಲ್ಲಿದ್ದವು ಈ ಬಣ್ಣಗಳು? ಬಟ್ಟೆ ಅದೇ, ಅಂಗಡಿ ಅದೇ, ನಿನ್ನೆಯವರೆಗೂ ಕಾಣದ್ದು ಈಗ ಕಾಣುತ್ತಿದೆ. ವರ್ಷ ತುಂಬುವುದರೊಳಗೆ ಅವಳಿಗೆ ಹನ್ನೊಂದು ಬಿಳಿ ಗೊತ್ತಾದವು. ಹಾಲಿನ ಬಿಳಿ, ಗಟ್ಟಿ ಮೊಸರಿನ ಬಿಳಿ, ಅವಲಕ್ಕಿ ಬಿಳಿ, ಬೆಳ್ಳುಳ್ಳಿ ಸಿಪ್ಪೆಯ ಬಿಳಿ, ಎಲ್ಲಕ್ಕೂ ಅವಳೇ ಹೆಸರಿಟ್ಟುಕೊಂಡಳು. ಮೊದಲೇ ಹೆಸರು ಹೇಳಿಕೊಟ್ಟಿದ್ದರೆ ಕಣ್ಣು ಸೋಮಾರಿಯಾಗಿ ಹೆಸರಿನ ಹಿಂದೆ ಅಡಗಿಕೊಳ್ಳುತ್ತಿತ್ತು. ಇಂದ್ರಮ್ಮನ ಹಟ ಎಂಥ ಉಪಕಾರ ಮಾಡಿತ್ತು ಎಂಬುದು ಅವಳಿಗೆ ತಿಳಿದದ್ದು ಬಹಳ ತಡವಾಗಿ.

ಆಮೇಲೆ ಅವಳ ಹೆಸರು ಅತ್ತಿಗುಪ್ಪೆಯಿಂದ ಬಸವೇಶ್ವರನಗರದವರೆಗೂ ಹಬ್ಬಿತು. ಸೀರೆಯ ಸೆರಗನ್ನು ಎಡಗೈಯಲ್ಲಿ ತೆಗೆದುಕೊಂಡು ತನ್ನ ಭುಜದ ಮೇಲಿಂದ ಎದೆಗೆ ಇಳಿಬಿಡುತ್ತಿದ್ದಳು. ಒಂದು ನೋಟ. ತಿರುಗಿ ಕಪಾಟಿಗೆ ಕೈ ಹಾಕಿದರೆ ಒಂದೇ ತುಂಡು ಈಚೆ ಬರುತ್ತಿತ್ತು. ಅದನ್ನು ಸೆರಗಿನ ಪಕ್ಕಕ್ಕೆ, ಎದೆಯ ಮೇಲೆ ಹಿಡಿದು, "ನೋಡ್ಕೊಳ್ಳಿ," ಎನ್ನುತ್ತಿದ್ದಳು. ನೋಡಿಕೊಳ್ಳಲು ಏನೂ ಉಳಿದಿರುತ್ತಿರಲಿಲ್ಲ. ಗಿರಾಕಿಗಳ ಮುಖ ಅವಳಿಗೆ ನೆನಪಿರುತ್ತಿರಲಿಲ್ಲ, ಸೀರೆ ನೆನಪಿರುತ್ತಿತ್ತು. ಒಮ್ಮೆ ಯಾರದೋ ಮದುವೆ ಮನೆಯಲ್ಲಿ ಒಬ್ಬಾಕೆ ಎದುರು ನಿಂತು ನಗುತ್ತಿದ್ದರೂ ಗುರುತು ಹತ್ತದೆ, ಆಕೆ ಊಟಕ್ಕೆಂದು ತಿರುಗಿದಾಗ ಬೆನ್ನು ನೋಡಿ, "ಓ, ಆನಂದ ಬ್ಲೂ ಆಂಟಿ!" ಎಂದು ಕೂಗಿದ್ದಳು. ನಾಲ್ಕು ವರ್ಷದ ಹಿಂದಿನ ರವಿಕೆ ಅದು.

ಇಂದ್ರಮ್ಮ ಇನ್ನೊಂದು ಕಟ್ಟಳೆ ಹಾಕಿಕೊಟ್ಟಿದ್ದಳು. ಕೌಂಟರಿಗೆ ಬರುವಾಗ ಬೂದಿ ಬಣ್ಣದ ಸೀರೆಯೇ ಉಡಬೇಕು. "ಗಿರಾಕಿ ಎದುರಿಗೆ ನಾವು ಮಿಂಚಬಾರದು ಕಣೇ. ಅವರು ಹಬ್ಬ ಮಾಡೋರು, ನಾವು ಬಡಿಸೋರು," ಎಂದು ಕಾರಣ ಕೊಟ್ಟಿದ್ದಳು. ಪುಟ್ಟಲಕ್ಷ್ಮಿ ಅದನ್ನು ವಿನಯದ ಪಾಠವೆಂದೇ ತಿಳಿದು ಇಪ್ಪತ್ತೆರಡು ವರ್ಷ ಪಾಲಿಸಿದಳು. ಒಂಬೈನೂರು ಬಣ್ಣಗಳ ನಡುವೆ ಬೂದಿ ಬಣ್ಣ ಉಟ್ಟು ನಿಲ್ಲುವುದು ಸುಲಭವಲ್ಲ. ಹೊಸ ಗಿರಾಕಿಗಳು ಅವಳ ಸೀರೆ ನೋಡಿ ವಿಧವೆಯೇನೋ ಎಂದುಕೊಂಡು, ಆಮೇಲೆ ಕುತ್ತಿಗೆಯ ತಾಳಿ ನೋಡಿ, ಮುಖ ಬೇರೆ ಕಡೆ ತಿರುಗಿಸುತ್ತಿದ್ದರು. ಇಂದ್ರಮ್ಮ ಕೆಂಗೇರಿ ಉಪನಗರದ ಮಗಳ ಮನೆ ಸೇರಿ, ಅಲ್ಲೇ ತೀರಿಕೊಂಡು ಮೂರು ವರ್ಷವಾಗಿತ್ತು. ಕಟ್ಟಳೆ ಮಾತ್ರ ಉಳಿದಿತ್ತು.

ಹಾಗಾಗಿ ಆ ರಾಣಿ ಪಿಂಕ್ ಸೀರೆ ಬರಿ ಯೂನಿಫಾರ್ಮ್ ಆಗಿರಲಿಲ್ಲ. ಮರುದಿನದ ರಜೆ ಮುಗಿಸಿ ಬುಧವಾರ ಬೆಳಿಗ್ಗೆ ಅದನ್ನು ಉಟ್ಟು ಅವಳು ನಾಯಂಡಹಳ್ಳಿಯ ತನ್ನ ಮನೆಯ ನಡುಮನೆಗೆ ಬಂದಾಗ, ತಿಂಡಿ ತಿನ್ನುತ್ತಿದ್ದ ಗಂಡ ಕಾಂತರಾಜು ಚಪಾತಿ ಕೈಯಲ್ಲೇ ಹಿಡಿದು ನೋಡಿದ. ಅವನು ಲೇತ್ ವರ್ಕ್‌ಶಾಪಿನಲ್ಲಿ ಕೆಲಸ ಮಾಡುವವನು, ಮಾತು ಕಮ್ಮಿ.

"ಏನೇ, ಯಾರ ಮದ್ವೆಗೆ ಹೊರಟೆ?" ಎಂದ.

ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಖುಷಿಯಾಯಿತು. ಮೆಟ್ರೋದ ಗಾಜಿನಲ್ಲಿ ವಿಜಯನಗರ ಬರುವವರೆಗೂ ತನ್ನನ್ನೇ ನೋಡಿಕೊಂಡಳು. ಅಂಗಡಿಯಲ್ಲಿ ಚಿಕ್ಕವಳಾದ ಚೈತ್ರ, "ಆಂಟಿ, ಹತ್ತು ವರ್ಷ ಕಮ್ಮಿ ಆಯ್ತು ನಿಮ್ಗೆ!" ಎಂದಳು. ಪುಟ್ಟಲಕ್ಷ್ಮಿ ಅಂದು ಮಧ್ಯಾಹ್ನ ಊಟಕ್ಕೆ ಕೂತಾಗಲೂ ಸೆರಗನ್ನು ತೊಡೆಯ ಮೇಲೆ ಹರಡಿ ನೇವರಿಸುತ್ತಿದ್ದಳು.

ಹತ್ತನೆಯ ದಿನ ಮೊದಲ ತುಂಡು ವಾಪಸ್ ಬಂತು.

ಈರುಳ್ಳಿ ಸಿಪ್ಪೆ ಬಣ್ಣದ ಸೀರೆ. ತಂದವರು ಹಳೆಯ ಗಿರಾಕಿ, ಸಂಕೋಚದಿಂದಲೇ, "ಮನೆಗೆ ಹೋಗಿ ನೋಡಿದ್ರೆ ಹೊಂದ್ತಾನೇ ಇಲ್ಲ ಕಣ್ರೀ," ಎಂದರು. ಪುಟ್ಟಲಕ್ಷ್ಮಿ ನಕ್ಕುಬಿಟ್ಟಳು. ಸೆರಗನ್ನು ಎದೆಯ ಮೇಲೆ ಹರಡಿದಳು, ತುಂಡನ್ನು ಪಕ್ಕಕ್ಕೆ ಹಿಡಿದಳು. ಹೊಂದುತ್ತಿದೆಯಲ್ಲ! ಆದರೂ ಗಿರಾಕಿಯ ಮನಸ್ಸು ಎಂದು ಬೇರೆ ತುಂಡು ಕೊಟ್ಟಳು. ನಾಲ್ಕು ದಿನಕ್ಕೆ ಅದೂ ವಾಪಸ್ ಬಂತು. ಆಮೇಲೆ ಒಂದು ತೆಳು ಪಿಸ್ತಾ. ಆಮೇಲೆ ಒಂದು ಮೊಸರಿನ ಬಿಳಿ. ಗಾಢ ಬಣ್ಣಗಳಲ್ಲಿ ಒಂದೂ ತಪ್ಪಲಿಲ್ಲ. ತಪ್ಪಿದ್ದೆಲ್ಲ ತೆಳು ಬಣ್ಣಗಳೇ. ತೆಳು ಬಣ್ಣವೆಂದರೆ ಕಷ್ಟದ ಕೆಲಸ, ಚೈತ್ರ ಮತ್ತಿತರ ಹುಡುಗಿಯರು ಅವನ್ನು ಮುಟ್ಟದೆ ಮೊದಲಿನಿಂದಲೂ "ಆಂಟಿ ಹತ್ರ ಹೋಗಿ" ಎಂದು ಇವಳ ಕಡೆಗೇ ಕಳಿಸುತ್ತಿದ್ದರು. ಹೀಗಾಗಿ ತಪ್ಪುಗಳೆಲ್ಲ ಇವಳ ಲೆಕ್ಕಕ್ಕೇ ಬಿದ್ದವು.

ಅವಳು ಮೊದಲು ಹೊಸ ದೀಪಗಳನ್ನು ಬೈದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಯಾರಾದರೂ ಆಡಿಕೊಂಡಾರು ಎಂಬ ಭಯವೂ ಇತ್ತು. ಅದಕ್ಕೇ ಪ್ರತಿ ತೆಳು ಬಣ್ಣವನ್ನೂ ಬಾಗಿಲಾಚೆ ಫುಟ್‌ಪಾತಿಗೆ ತಂದು ಬಿಸಿಲಿನಲ್ಲಿ ಎದೆಯ ಮೇಲೆ ಹಿಡಿದು ನೋಡತೊಡಗಿದಳು. ಬಿಸಿಲಿನಲ್ಲೂ ಹೊಂದುತ್ತಿತ್ತು. ಹಾಗೆ ಬಿಸಿಲಿನಲ್ಲಿ ನೋಡಿ ಕೊಟ್ಟದ್ದೂ ವಾಪಸ್ ಬಂತು! ಅಂದರೆ ದೀಪದ ತಪ್ಪಲ್ಲ. ಹಾಗಾದರೆ ಉಳಿದದ್ದೇನು? ಅವಳ ಕಣ್ಣು.

ಯಾರಿಗೂ ಹೇಳದೆ ಕಣ್ಣಿನ ಡಾಕ್ಟರ ಹತ್ತಿರ ಹೋದಳು. ಅವರು ಅಕ್ಷರ ಓದಿಸಿದರು, ಬೆಳಕು ಬಿಟ್ಟು ನೋಡಿದರು, ಬಣ್ಣದ ಚುಕ್ಕಿಗಳ ಪುಸ್ತಕ ತೋರಿಸಿದರು. "ನಿಮ್ಮ ಕಣ್ಣು ಫಸ್ಟ್‌ಕ್ಲಾಸ್ ಆಗಿದೆಯಮ್ಮ. ಓದೋಕೆ ಒಂದು ಕನ್ನಡಕ ಸಾಕು," ಎಂದರು. ಬೇರೆ ಯಾರಾದರೂ ಆಗಿದ್ದರೆ ದೇವರಿಗೆ ಕಾಯಿ ಒಡೆಸುತ್ತಿದ್ದರು. ಇವಳು ಬಸ್‌ಸ್ಟಾಪಿನಲ್ಲಿ ಕೂತು, ಬಂದ ಬಸ್ಸುಗಳನ್ನೆಲ್ಲ ಬಿಟ್ಟುಬಿಟ್ಟಳು. ಕಣ್ಣು ಸರಿಯಿದ್ದರೆ ಕೆಟ್ಟದ್ದು ತಲೆ. ಅವಳ ತಾಯಿಗೆ ಕೊನೆಗಾಲದಲ್ಲಿ ಮಕ್ಕಳ ಹೆಸರೇ ಮರೆತುಹೋಗಿತ್ತು. ನನಗೆ ಬಣ್ಣಗಳಿಂದ ಶುರುವಾಯಿತೇ?

ಆರನೆಯ ವಾರದ ಸೋಮವಾರ ಶಿವರಂಜನಿ ಅವಳನ್ನು ಪಕ್ಕಕ್ಕೆ ಕರೆದಳು. ಕೆಟ್ಟವಳಲ್ಲ ಅವಳು. ಹೇಳುವಾಗ ಅವಳ ಕಣ್ಣಲ್ಲೂ ನೀರಿತ್ತು.

"ಪುಟ್ಟಕ್ಕ, ಏಳು ಪೀಸ್ ರಿಟರ್ನ್ ಬಂದಿದೆ. ಮಾವನ ಕಾಲದಲ್ಲಿ ವರ್ಷಕ್ಕೆ ಒಂದೂ ಬರ್ತಿರಲಿಲ್ಲ ಅಂತಾರೆ."

"ಗೊತ್ತು ಮೇಡಮ್."

"ಬುಧವಾರ ಸತ್ಯವತಿಯವರು ಬರ್ತಿದಾರೆ, ಬಸವೇಶ್ವರನಗರದೋರು. ಮಗಳ ಮದ್ವೆ. ಹನ್ನೆರಡು ಸೀರೆ, ಎಲ್ಲಾ ಲೈಟ್ ಕಲರ್ ಅಂತೆ. ನಿಮ್ಮನ್ನೇ ಕೇಳಿದ್ರು. ಅದೊಂದು ಮಾಡ್ಕೊಡಿ. ಅದ್ರಲ್ಲೂ ಏನಾದ್ರೂ ತಪ್ಪಾದ್ರೆ..." ಅವಳು ಮಹಡಿಯ ಮೆಟ್ಟಿಲ ಕಡೆ ನೋಡಿದಳು. "ಮೇಲಿನ ಮಹಡೀಲಿ ಫಾಲ್ಸ್ ಹೊಲಿಯೋ ಕಡೆ ಕೂತ್ಕೊಳ್ಳಿ. ಸಂಬಳ ಒಂದ್ರೂಪಾಯಿ ಕಮ್ಮಿ ಮಾಡಲ್ಲ. ಕೌಂಟರ್ ಚೈತ್ರ ನೋಡ್ಕೋತಾಳೆ."

ಸಂಬಳ ಯಾರಿಗೆ ಬೇಕಿತ್ತು ಆ ಹೊತ್ತಿನಲ್ಲಿ! ಒಂಬೈನೂರು ಬಣ್ಣಗಳಿಂದ ಎಬ್ಬಿಸಿ, ಮಹಡಿಯ ಮೂಲೆಯಲ್ಲಿ ಸೀರೆಯ ಅಂಚಿಗೆ ಪಟ್ಟಿ ಹೊಲಿಯಲು ಕೂರಿಸುವುದೆಂದರೆ ಅವಳ ಪಾಲಿಗೆ ಕಣ್ಣು ಕಟ್ಟಿದ ಹಾಗೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಪ್ಪತ್ತೆರಡು ವರ್ಷ ಆರೇ ವಾರದಲ್ಲಿ ಚೂರಾಗಿತ್ತು. ಅವಳು ವಾಪಸ್ ಬಂದ ಏಳು ತುಂಡುಗಳನ್ನೂ, ಅವುಗಳ ಸೀರೆಗಳಿಂದ ಗಿರಾಕಿಗಳು ಗುರುತಿಗೆಂದು ಕತ್ತರಿಸಿ ಕೊಟ್ಟಿದ್ದ ಬೆರಳುದ್ದದ ಚೂರುಗಳನ್ನೂ ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದಳು.

ಮಂಗಳವಾರ ಅಂಗಡಿಗೆ ರಜೆ. ಬೆಳಿಗ್ಗೆ ಏಳೂವರೆಗೆ ತಾರಸಿಯ ಮೇಲೆ ಬಟ್ಟೆ ಒಗೆಯಲು ಹೋದಳು. ಒಗೆಯುವ ಕಲ್ಲಿನ ಪಕ್ಕ ರಾಣಿ ಪಿಂಕ್ ಸೀರೆ ಬುಟ್ಟಿಯಲ್ಲಿತ್ತು. ಮನಸ್ಸು ತಡೆಯಲಿಲ್ಲ, ಚೀಲವನ್ನೂ ಮೇಲಕ್ಕೆ ತಂದಿದ್ದಳು. ಒಗೆಯುವ ಮೊದಲು ಇನ್ನೊಂದು ಸಲ ನೋಡೋಣ ಎಂದು ಈರುಳ್ಳಿ ಬಣ್ಣದ ತುಂಡನ್ನೂ ಅದರ ಸೀರೆಯ ಚೂರನ್ನೂ ತೆಗೆದು, ಕೈ ಒದ್ದೆಯಿದ್ದದ್ದರಿಂದ ಎದೆಗೆ ಹಿಡಿಯದೆ ಹಾಗೇ ಕಲ್ಲಿನ ಮೇಲೆ ಹಾಕಿದಳು.

ಎರಡೂ ಬೇರೆ ಬೇರೆ ಕಂಡವು.

ಎಷ್ಟು ಬೇರೆ ಎಂದರೆ, ಅವಳಿಗೆ ಸಿಟ್ಟೇ ಬಂತು. ಇದನ್ನು ಯಾವ ಗೂಬೆ ಕೊಟ್ಟಳು ಎಂದುಕೊಂಡಳು. ಆಮೇಲೆ ಆ ಗೂಬೆ ತಾನೇ ಎಂದು ನೆನಪಾಯಿತು. ಚೂರಿನಲ್ಲಿ ಕೆಂಪು ಸ್ವಲ್ಪ ಮುಂದಿತ್ತು, ತುಂಡಿನಲ್ಲಿ ಕಂದು. ಎರಡನೆಯ ತರಗತಿಯ ಮಗು ಹೇಳಬಹುದಾದ ವ್ಯತ್ಯಾಸ. ನಿನ್ನೆ ಅಂಗಡಿಯಲ್ಲಿ ಯಾಕೆ ಕಾಣಲಿಲ್ಲ? ತೆಳು ಪಿಸ್ತಾ ತೆಗೆದಳು. ಬೇರೆ! ಮೊಸರಿನ ಬಿಳಿ ತೆಗೆದಳು. ಅಯ್ಯಯ್ಯೋ, ಇದು ಮೊಸರಲ್ಲ, ಅವಲಕ್ಕಿ! ಏಳಕ್ಕೆ ಏಳೂ ತಪ್ಪು, ಏಳೂ ಕಣ್ಣಿಗೆ ರಾಚುತ್ತಿವೆ. ತಲೆ ಕೆಟ್ಟಿಲ್ಲ. ತಲೆ ಕೆಟ್ಟಿದ್ದರೆ ಇಲ್ಲೂ ಕಾಣಬಾರದಿತ್ತು.

ಗಾಳಿಗೆ ಈರುಳ್ಳಿ ಬಣ್ಣದ ಚೂರು ಹಾರಿ ಬುಟ್ಟಿಯಲ್ಲಿದ್ದ ಪಿಂಕ್ ಸೀರೆಯ ಮೇಲೆ ಬಿತ್ತು. ಹಿಡಿಯಲು ಹೋದವಳು ತುಂಡನ್ನೂ ಅದರ ಪಕ್ಕಕ್ಕೇ ಒತ್ತಿದಳು. ಕಣ್ಣೆದುರಿಗೇ ಎರಡೂ ಒಂದಾಗಿಬಿಟ್ಟವು. ಅವಳು ಬಾಯಿಗೆ ಕೈ ಇಟ್ಟುಕೊಂಡಳು. ಎತ್ತಿ ಕಲ್ಲಿನ ಮೇಲಿಟ್ಟಳು, ಎರಡು. ಪಿಂಕ್ ಮೇಲಿಟ್ಟಳು, ಒಂದು. ಕಲ್ಲು, ಎರಡು. ಪಿಂಕ್, ಒಂದು.

"ರೀ!" ಎಂದು ಅವಳು ಕೂಗಿದ ಕೂಗಿಗೆ ಕಾಂತರಾಜು ಮುಖಕ್ಕೆ ಸೋಪಿನ ನೊರೆ ಹಚ್ಚಿಕೊಂಡೇ ಮೆಟ್ಟಿಲು ಹತ್ತಿ ಓಡಿ ಬಂದ. ಜಾರಿ ಬಿದ್ದಳೇನೋ ಎಂದು ಅವನು ಹೆದರಿದ್ದ.

"ಇದು ನೋಡಿ. ಒಂದೇನಾ ಬೇರೆನಾ?" ಪಿಂಕ್ ಮೇಲಿಟ್ಟು ಕೇಳಿದಳು.

"ಇದಕ್ಕಾ ಹಂಗೆ ಕಿರುಚಿದ್ದು? ಒಂದೇ ಕಣೇ."

"ಈಗ?" ಕಲ್ಲಿನ ಮೇಲಿಟ್ಟಳು.

ಕಾಂತರಾಜು ಬಗ್ಗಿದ. ನೊರೆ ಒರೆಸಿಕೊಂಡು ಮತ್ತೆ ಬಗ್ಗಿದ. "ಬೇರೆ," ಎಂದ. ಆಮೇಲೆ ತಾನೇ ಎತ್ತಿ ಅತ್ತ ಇತ್ತ ಇಟ್ಟು ನೋಡಿ, "ಏನೇ ಇದು ಮಾಟ!" ಎಂದ.

ಅವನ ಕಣ್ಣಿಗೂ ಹಾಗೇ ಕಾಣುತ್ತಿದೆ! ಪುಟ್ಟಲಕ್ಷ್ಮಿಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. ಪಕ್ಕದ ಮನೆಯ ತಾರಸಿಯಲ್ಲಿ ಹಪ್ಪಳ ಹರಡುತ್ತಿದ್ದ ಚಿಕ್ಕಲಕ್ಷ್ಮಮ್ಮನನ್ನೂ ಬಿಡಲಿಲ್ಲ, ಕರೆದು ಕೇಳಿದಳು. ಎಪ್ಪತ್ತು ದಾಟಿದ ಆಕೆಯೂ ಪಿಂಕ್ ಮೇಲೆ ಒಂದು, ಕಲ್ಲಿನ ಮೇಲೆ ಎರಡು ಎಂದಳು. ಅಬ್ಬರದ ಬಣ್ಣದ ನಡುವೆ ತೆಳು ಬಣ್ಣಗಳ ಸಣ್ಣ ಜಗಳ ಕೇಳಿಸುವುದಿಲ್ಲ. ಬಣ್ಣವಿಲ್ಲದ ಬೂದಿ ಕಲ್ಲಿನ ಮೇಲಾದರೆ ಒಂದೊಂದು ಪಿಸುಮಾತೂ ಕೇಳಿಸುತ್ತದೆ. ಇಷ್ಟು ವರ್ಷ ಅವಳು ಸೆರಗು ಹರಡುತ್ತಿದ್ದದ್ದು ಎದೆಯ ಮೇಲೆ, ಎದೆಯ ಮೇಲಿದ್ದದ್ದು ಬೂದಿ ಬಣ್ಣ. ಇಂದ್ರಮ್ಮನ ಕಟ್ಟಳೆ ಗಿರಾಕಿಯ ಮುಂದೆ ಮಿಂಚಬಾರದೆಂಬುದಕ್ಕಲ್ಲ! ಅದು ಇಂದ್ರಮ್ಮನಿಗಾದರೂ ಗೊತ್ತಿತ್ತೋ ಇಲ್ಲವೋ. ಅವಳಿಗೂ ಯಾರೋ ಹಿರಿಯಳು ಹೇಳಿದ್ದಿರಬೇಕು, ನಡುವೆ ಎಲ್ಲೋ ಕಾರಣ ಕಳೆದುಹೋಗಿ ಸೀರೆ ಮಾತ್ರ ಉಳಿದಿರಬೇಕು. ಹಿರಿಯರ ಮಾತಿಗೆ ಅರ್ಥವಿಲ್ಲ ಎನ್ನುವವರೂ, ಅರ್ಥ ಕೇಳಲೇಬಾರದು ಎನ್ನುವವರೂ ಇಬ್ಬರೂ ಮುಳುಗುವುದು ಇಂಥ ಜಾಗದಲ್ಲೇ.

ಬುಧವಾರ ಅವಳು ಬೂದಿ ಸೀರೆ ಉಟ್ಟು ಅಂಗಡಿಗೆ ಬಂದಳು. ವಿಷಯವನ್ನೆಲ್ಲ ಮೊದಲು ಶಿವರಂಜನಿಗೆ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದಳು. ಆದರೆ ಗಾಜಿನ ಬಾಗಿಲು ತೆರೆಯುವಷ್ಟರಲ್ಲಿ ಸತ್ಯವತಿಯವರ ಕಾರು ಬಂದು ನಿಂತಿತು. ರಾಣಿ ಪಿಂಕ್ ಸೀರೆಯಲ್ಲಿ ಬಾಗಿಲಿಗೆ ಬಂದ ಶಿವರಂಜನಿ ಇವಳನ್ನು ನೋಡಿ ದಂಗಾದಳು.

"ಪುಟ್ಟಕ್ಕ, ಇವತ್ತೇನಾ ಹಿಂಗೆ ಮಾಡೋದು? ಯೂನಿಫಾರ್ಮ್ ಎಲ್ಲಿ?"

"ಹೇಳ್ತೀನಿ ಮೇಡಮ್. ಒಂದರ್ಧ ಗಂಟೆ ಕೊಡಿ," ಎಂದು ಪುಟ್ಟಲಕ್ಷ್ಮಿ ಕೌಂಟರಿನ ಹಿಂದೆ ಸರಿದಳು.

ಹನ್ನೊಂದು ಸೀರೆ ಕೌಂಟರಿನ ಮೇಲೆ ಬಂದವು. ಆಮೇಲಿನ ಅರ್ಧ ಗಂಟೆಯನ್ನು ಚೈತ್ರ ಇಂದಿಗೂ ಕೈ ಬೀಸಿ ಬೀಸಿ ವರ್ಣಿಸುತ್ತಾಳೆ. ಸೆರಗು ಭುಜಕ್ಕೆ, ಒಂದು ನೋಟ, ತಿರುಗು, ಕೈ ಮೇಲಕ್ಕೆ, ತುಂಡು ಕೌಂಟರಿಗೆ. ತೆಳು ಗುಲಾಬಿ, ಆಯಿತು. ಕೊಬ್ಬರಿ ಬಿಳಿ, ಆಯಿತು. ಒಂದು ನಿಂಬೆ ಹೂವಿನ ಬಣ್ಣ ಮೂರನೆಯ ಸಾಲಿನ ಕೊನೆಯಲ್ಲಿತ್ತು, ಸ್ಟೂಲ್ ಹತ್ತಿ ನೋಡದೇ ಎಳೆದಳು, ಆಯಿತು. ಸತ್ಯವತಿಯವರ ಇಬ್ಬರು ನಾದಿನಿಯರು ಕೂತಿದ್ದವರು ಎದ್ದು ನಿಂತು ನೋಡತೊಡಗಿದರು. ಪುಟ್ಟಲಕ್ಷ್ಮಿಗೆ ಕಪಾಟುಗಳೆಲ್ಲ ಮತ್ತೆ ಬಾಯಿ ಬಿಟ್ಟು ಮಾತಾಡುತ್ತಿದ್ದವು. ಕೈಗೆ ರೆಕ್ಕೆ ಬಂದಿತ್ತು. ಹನ್ನೊಂದು ಸೀರೆ ಮುಗಿದಾಗ ಇಪ್ಪತ್ತು ನಿಮಿಷವೂ ಆಗಿರಲಿಲ್ಲ.

ಹನ್ನೆರಡನೆಯದನ್ನು ಸತ್ಯವತಿಯವರು ತಾವೇ ಚೀಲದಿಂದ ತೆಗೆದರು. ಮಲ್ ಬಟ್ಟೆಯಲ್ಲಿ ಸುತ್ತಿದ ಗಂಧದ ಬಣ್ಣದ ರೇಷ್ಮೆ.

"ಇದು ನನ್ನ ಧಾರೆ ಸೀರೆ. ಇಪ್ಪತ್ತೆಂಟು ವರ್ಷ ಆಯ್ತು. ಮಗಳು ತನ್ನ ಧಾರೆಗೂ ಇದನ್ನೇ ಉಡ್ತೀನಿ ಅಂತ ಕೂತಿದಾಳೆ. ಹಳೇ ರವಿಕೆ ಹರಿದುಹೋಗಿದೆ. ಉಳಿದಿದ್ದೆಲ್ಲ ಹೆಂಗಾದ್ರೂ ನಡಿಯುತ್ತೆ ಕಣಮ್ಮ, ಇದೊಂದು ಸರಿ ಇರ್ಬೇಕು."

ಪುಟ್ಟಲಕ್ಷ್ಮಿ ಸೆರಗನ್ನು ಎದೆಯ ಮೇಲೆ ಹರಡಿದಳು. ಗಂಧದ ಸಾಲಿನಿಂದ ಒಂದು ತುಂಡು ತೆಗೆದು ಹಿಡಿದಳು. ಇಟ್ಟಳು. ಇನ್ನೊಂದು ತೆಗೆದಳು. ಅದನ್ನೂ ಇಟ್ಟಳು. ಐದು ತುಂಡು ಹೀಗೆ ಬಂದು ಹೋದವು. ಇಪ್ಪತ್ತೆಂಟು ವರ್ಷ ಪೆಟ್ಟಿಗೆಯಲ್ಲಿದ್ದ ರೇಷ್ಮೆ ಒಳಗೊಳಗೇ ಹಣ್ಣಾಗಿ, ಅಂಗಡಿಯ ಯಾವ ಗಂಧಕ್ಕೂ ಇಲ್ಲದ ಒಂದು ಕೆಂಪನ್ನು ಪಡೆದಿತ್ತು. ಅದು ಅವಳಿಗೆ ಸ್ಪಷ್ಟವಾಗಿ ಕಾಣುತ್ತಿತ್ತು.

ತಡೆಯಲಾರದೆ ಶಿವರಂಜನಿ ಮುಂದೆ ಬಂದು, ಸೆರಗನ್ನು ತನ್ನ ಭುಜಕ್ಕೆ ಎಳೆದುಕೊಂಡು, ಕೈಗೆ ಸಿಕ್ಕ ನಲವತ್ತೆರಡನೆಯ ನಂಬರಿನ ತುಂಡನ್ನು ಪಕ್ಕಕ್ಕೆ ಹಿಡಿದಳು. "ಇದು ನೋಡಿ, ಪರ್ಫೆಕ್ಟ್!" ಎಂದಳು. ಸತ್ಯವತಿಯವರೂ, "ಹೌದಲ್ವಾ, ಒಂದೇ ಥರ ಇದೆ," ಎಂದರು. ನಾದಿನಿಯರೂ ತಲೆದೂಗಿದರು.

ಹೂಂ ಎಂದುಬಿಟ್ಟರೆ ಮುಗಿಯಿತು. ಗಿರಾಕಿ ಒಪ್ಪಿದ್ದಾರೆ, ಮಾಲೀಕಳು ಒಪ್ಪಿದ್ದಾಳೆ, ಕೌಂಟರ್ ಉಳಿಯುತ್ತದೆ. ಇಲ್ಲ ಎಂದರೆ ಮಹಡಿಯ ಮೆಟ್ಟಿಲು ಅಲ್ಲೇ ಎದುರಿಗೆ ಕಾಣುತ್ತಿತ್ತು. ಪುಟ್ಟಲಕ್ಷ್ಮಿ ಸೆರಗನ್ನು ಮತ್ತೊಮ್ಮೆ ನೋಡಿದಳು.

"ಇಲ್ಲ ಮೇಡಮ್," ಎಂದಳು. "ಇದಕ್ಕೆ ನಮ್ಮಲ್ಲಿ ಬಟ್ಟೆ ಇಲ್ಲ."

ಶಿವರಂಜನಿಯ ಮುಖ ಅವಳ ಸೀರೆಯ ಬಣ್ಣಕ್ಕೆ ತಿರುಗಿತು. "ಪುಟ್ಟಕ್ಕ, ಎಲ್ರಿಗೂ ಕಾಣ್ತಿದೆಯಲ್ಲ! ನಿಮಗೊಬ್ರಿಗೆ ಯಾಕೆ ಕಾಣಲ್ಲ?"

"ನಿಮ್ಮ ಎದೆ ಮೇಲೆ ಹಂಗೇ ಕಾಣೋದು ಮೇಡಮ್. ಆರು ವಾರ ನನಗೂ ಹಂಗೇ ಕಂಡಿದ್ದು." ಅವಳು ಲೈನಿಂಗ್ ಬಟ್ಟೆಯ ಬೂದಿ ಬಣ್ಣದ ಥಾನು ಎಳೆದು ಕೌಂಟರಿನ ಉದ್ದಕ್ಕೂ ಬಿಚ್ಚಿ ಹಾಸಿದಳು. ಶಿವರಂಜನಿಯ ಭುಜದಿಂದ ಸೆರಗನ್ನೂ ತುಂಡನ್ನೂ ಎತ್ತಿ ಅದರ ಮೇಲಿಟ್ಟಳು. "ಈಗ ನೋಡಿ."

ಶಿವರಂಜನಿ ಬಗ್ಗಿ ನೋಡಿದಳು. ರೇಷ್ಮೆಯಲ್ಲಿ ತೇಯ್ದ ಗಂಧದ ಕೆಂಪು ಇತ್ತು. ತುಂಡಿನಲ್ಲಿ ಹಸಿರಿನ ಎಳೆ ಬೆರೆತ ಹಳದಿ.

"ಅಯ್ಯೋ ಶಿವನೇ!" ಎಂದಳು. ಎರಡನ್ನೂ ಎತ್ತಿ ತನ್ನ ಎದೆಯ ಮೇಲೆ ಹಿಡಿದಳು, ಕನ್ನಡಿಯಲ್ಲಿ ನೋಡಿದಳು. ಮತ್ತೆ ಲೈನಿಂಗ್ ಮೇಲೆ. ಮತ್ತೆ ಎದೆಯ ಮೇಲೆ. ಮಗುವಿಗೆ ಹೊಸ ಆಟಿಕೆ ಸಿಕ್ಕ ಹಾಗೆ ಆರು ಸಲ ಮಾಡಿದಳು. "ಚೈತ್ರ, ಬಾರೇ ಇಲ್ಲಿ! ಇದು ನೋಡು! ಆಂಟಿ, ನೀವೂ ನೋಡಿ!" ಹುಡುಗಿಯರೆಲ್ಲ ಮುಗಿಬಿದ್ದರು, ನಾದಿನಿಯರು ತಮ್ಮ ತಮ್ಮ ಸೆರಗಿನ ಮೇಲೆ ಇಟ್ಟು ನೋಡಿದರು. ಹಸಿರು ಸೀರೆಯವಳಿಗೆ ಒಂದು ಥರ, ನೀಲಿಯವಳಿಗೆ ಇನ್ನೊಂದು ಥರ. ಅಂಗಡಿಯಲ್ಲಿ ಮದುವೆ ಮನೆಯ ಗದ್ದಲ ಎದ್ದಿತು. ವಾಪಸ್ ಬಂದ ಏಳು ತುಂಡುಗಳನ್ನೂ ಪುಟ್ಟಲಕ್ಷ್ಮಿ ಚೀಲದಿಂದ ತೆಗೆದು ಒಂದೊಂದಾಗಿ ಸಾಲಿಟ್ಟಳು. ಶಿವರಂಜನಿ ಒಂದೊಂದನ್ನೂ ನೋಡುತ್ತಾ ಹೋಗಿ, ಏಳನೆಯದರ ಹೊತ್ತಿಗೆ ತನ್ನ ಪಿಂಕ್ ಸೆರಗನ್ನು ನೋಡಿಕೊಂಡಳು.

"ಅಂದ್ರೆ ಇದೆಲ್ಲಾ ನಾನ್ ಮಾಡಿದ್ದು," ಎಂದಳು ಮೆಲ್ಲಗೆ. "ಸೀರೆ ಕೊಟ್ಟಿದ್ದು ನಾನಲ್ವಾ."

"ನಂಗೂ ಗೊತ್ತಿರಲಿಲ್ಲ ಮೇಡಮ್. ಗೊತ್ತಿದ್ರೆ ಅವತ್ತೇ ಹೇಳ್ತಿದ್ದೆ."

ಸತ್ಯವತಿಯವರು ಧಾರೆ ಸೀರೆಯನ್ನು ಕೈಯಲ್ಲಿ ಹಿಡಿದೇ ನಿಂತಿದ್ದರು. "ಹಂಗಾದ್ರೆ ಇದಕ್ಕೇನಮ್ಮ ಮಾಡೋದು?"

"ಬಿಳಿ ರೇಷ್ಮೆ ತಗೊಂಡು ಬಣ್ಣ ಹಾಕಿಸ್ಬೇಕು ಅಮ್ಮ. ಬಣ್ಣ ಹಾಕೋರ ಹತ್ರ ನಾನೇ ಕೂತು ಮಾಡಿಸ್ತೀನಿ. ಆದ್ರೆ ಸೀರೆ ಎರಡು ದಿನ ಬಿಟ್ಟು ಹೋಗ್ಬೇಕಾಗುತ್ತೆ. ನೆನಪಲ್ಲಿ ಹೊತ್ಕೊಂಡು ಹೋಗೋ ಬಣ್ಣ ಅಲ್ಲ ಇದು."

ಧಾರೆ ಸೀರೆಯನ್ನು ಯಾರು ತಾನೇ ಬೇರೆಯವರ ಕೈಗೆ ಬಿಟ್ಟುಹೋಗುತ್ತಾರೆ? ಸತ್ಯವತಿಯವರು ಸೀರೆಯನ್ನು ಒಮ್ಮೆ ನೇವರಿಸಿದರು. ಆಮೇಲೆ ಮಲ್ ಬಟ್ಟೆಯಲ್ಲಿ ಮತ್ತೆ ಸುತ್ತಿ, ಪುಟ್ಟಲಕ್ಷ್ಮಿಯ ಎರಡೂ ಕೈಗಳ ಮೇಲೆ ಇಟ್ಟರು.

"ಮೂವತ್ತು ವರ್ಷದಿಂದ ಮ್ಯಾಚಿಂಗ್ ತಗೋತಿದೀನಿ," ಎಂದರು. "ಇಲ್ಲ ಅಂದಿದ್ದು ನೀನೊಬ್ಬಳೇ ಕಣಮ್ಮ. ಅದಕ್ಕೇ ಬಿಟ್ಟು ಹೋಗ್ತಿದೀನಿ."

ಕಾರು ಹೋದ ಮೇಲೆ ಶಿವರಂಜನಿ ಸ್ಟೂಲಿನ ಮೇಲೆ ಕುಸಿದು ಕೂತು, ಬೆವರು ಒರೆಸಿಕೊಂಡು ನಕ್ಕಳು. ಮಹಡಿಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಕೌಂಟರಿಗೆ ಶಾಶ್ವತವಾಗಿ ಬೂದಿ ಬಣ್ಣದ ಬಟ್ಟೆ ಹಾಸಬೇಕು, ಹುಡುಗಿಯರಿಗೆ ಮಡಿಸುವ ಕೆಲಸದಿಂದಲೇ ಕಣ್ಣು ಕಲಿಸಬೇಕು, ಕಲಿಸುವವರು ಪುಟ್ಟಕ್ಕನೇ, ಎಂದು ಅವಳು ಒಂದೇ ಉಸಿರಿಗೆ ಹತ್ತು ಹೊಸ ಏರ್ಪಾಟು ಹೇಳಿದಳು. ಸುಮ್ಮನಿರುವ ಜಾತಿಯಲ್ಲ ಅದು.

"ನೀವು ಇನ್ಮೇಲೆ ನಿಮ್ಮ ಬೂದಿ ಸೀರೇನೇ ಉಟ್ಕೊಂಡು ಬನ್ನಿ ಪುಟ್ಟಕ್ಕ. ಆ ಪಿಂಕ್ ಸೀರೆ ನಾಳೆ ತಂದ್ಕೊಟ್ಬಿಡಿ, ಹೊಸ ಹುಡುಗಿ ಬರ್ತಿದಾಳೆ, ಅವಳಿಗಾಗುತ್ತೆ."

ಪುಟ್ಟಲಕ್ಷ್ಮಿ ಧಾರೆ ಸೀರೆಯ ಗಂಟನ್ನು ಎದೆಗೆ ಒತ್ತಿಕೊಂಡಿದ್ದಳು. ಮಾಲೀಕರ ಮಾತಿಗೆ ಇಪ್ಪತ್ತೆರಡು ವರ್ಷದಲ್ಲಿ ಇಲ್ಲ ಎಂದವಳಲ್ಲ. ಇವತ್ತು ಒಂದು ಸಲ ಅಂದಾಗಿತ್ತು, ಎರಡನೆಯದು ಅಷ್ಟು ಕಷ್ಟವಾಗಲಿಲ್ಲ.

"ಅದನ್ನ ಕೊಡಲ್ಲ ಮೇಡಮ್," ಎಂದಳು. "ಮಂಗಳವಾರ ನಂಗೆ ರಜೆ ಇರುತ್ತಲ್ಲ, ಉಟ್ಕೋಬೇಕು."